ಅಟ್ಟದ ಮ್ಯಾಲಿಂದ ಶೂ ಇಳಸು ಮಗಳ

ಶಹಾಬಾದ

ಮಗಳ, ಮಾಮಾನ ಆಶೀರ್ವಾದ.

ನಿನ್ನೆ ನಿಮ್ಮವ್ವ ಫೋನ್ ಮಾಡಿದ್ಳು, ಜಿಲ್ಲಾ ಮಟ್ಟದ ಓಟದಾಗ ನಾಲ್ಕನೇದಾಕಿ ಬಂದಿ ಅಂತ ಶೂ ತಗೊಂಡು ಅಟ್ಟಕ್ಕ ಒಗದಿ ಅಂತ, ನಮ್ಮ ಕಡಿ ಬಿಸಿಲು ಧೂಳು ಬಿಟ್ರ ಏನದ, ಇಲ್ಲಿಂದ ಯಾರು ಮ್ಯಾಲ ಬರ್ತಾರ ಅಂದ್ಯಂತ. ಕೇಳಿ ರಾತ್ರಿ ನಿದ್ದಿ ಹತ್ತಲಿಲ್ಲ ನನಗ.

ಓಟದಾಗ ಹೆಸರು ಮಾಡಿದ ಜಮೈಕಾ ಅನ್ನೋ ದ್ವೀಪ ದೇಶ ಎಷ್ಟು ದೊಡ್ಡದು ಗೊತ್ತದನು? ಸುಮಾರು 11 ಸಾವಿರ ಚದರ ಕಿಲೋಮೀಟರ್, ನಮ್ಮ ಕಲಬುರಗಿ ಜಿಲ್ಲಾನೂ ಹೆಚ್ಚುಕಡಿಮಿ ಅಷ್ಟೇ. ಮಂದಿ 28 ಲಕ್ಷದ ಆಸುಪಾಸು, 2011ರ ಜನಗಣತಿದಾಗ ನಮ್ಮ ಜಿಲ್ಲಾದಾಗೂ 25 ಲಕ್ಷದ ಮ್ಯಾಲ ಇದ್ರು. ನೆಲದಾಗ ನಮ್ಮಂಗೇ ಸುಣ್ಣಕಲ್ಲು, ಅದರ ಮ್ಯಾಲ ಕೆಂಪು ಮಣ್ಣು, ಅದೇ ಬಾಕ್ಸೈಟ್, ಅಲ್ಯೂಮಿನಿಯಂ ಅದಿರು, ಒಂದು ಕಾಲಕ್ಕ ಅದರಾಗ ಜಗತ್ತಿಗೇ ನಂಬರ್ ಒನ್ ಇತ್ತು ಆ ದೇಶ. 1952ರಿಂದ ಹಡಗಿನಾಗ ತುಂಬಿ ಕಳಸ್ಲತ್ತಾರ. ಅದನ್ನ ಶುದ್ಧ ಮಾಡಿ ಅಲ್ಯೂಮಿನಾ ಅನ್ನೋ ಬಿಳಿ ಪುಡಿ ತನಕ ಅಲ್ಲೇ ಮಾಡ್ತಾರ ಖರೇ, ಅಲ್ಯೂಮಿನಿಯಂ ಆಗೋದು ಮಾತ್ರ ಬ್ಯಾರೆ ದೇಶದಾಗ, ಕರೆಂಟ್ ಅಷ್ಟು ತುಟ್ಟಿ ಅಲ್ಲಿ. ಇದು ನನಗ ಲಗೂನ ತಿಳೀತದ, ಮೂವತ್ತು ವರ್ಷ ಖಣಿದಾಗ ಪರ್ಸಿ ಕಲ್ಲು ಎಬ್ಬಿಸಿದಂವ ನಾ. ಉಳಿ ಇಟ್ಟು ಸುತ್ತಿಗಿ ಹೊಡದ್ರ ಕಲ್ಲು ಪದರ ಪದರ ಬಿಡ್ತದ, ಲಾರಿ ತುಂಬಿ ಹೋಗ್ತದ, ನಮ್ಮೂರಿಗಿ ಉಳದಿದ್ದು ನೀರು ನಿಂತ ಕುಣಿ.

ಆದ್ರ ಓಟ ನೋಡು, ಅದು ಹಡಗು ಹತ್ತಿ ಹೋಗಲಿಲ್ಲ. ಸಾಲಿ ಮಕ್ಕಳದು ಚಾಂಪ್ಸ್ ಅಂತ ಕೂಟ ಅದ, 1910ರಿಂದ ನಡದದ, ಸ್ಟೇಡಿಯಂ ತುಂಬಿ ಮಂದಿ ಕೂಡ್ತಾರ ಸಾಲಿ ಹುಡುಗ್ರ ಓಟ ನೋಡ್ಲಿಕ್ಕ! 1948ರಾಗ ಆರ್ಥರ್ ವಿಂಟ್ ಲಂಡನ್ ಒಲಿಂಪಿಕ್ಸ್‌ದಾಗ 400 ಮೀಟರ್ ಗೆದ್ದು ಮೊದಲನೇ ಚಿನ್ನ ತಂದ, ಆಗ ದೇಶಕ್ಕ ಸ್ವಾತಂತ್ರ್ಯ ಸೈತ ಬಂದಿದ್ದಿಲ್ಲ. 2009ರಾಗ ಬರ್ಲಿನ್‌ದಾಗ 9.58 ಸೆಕೆಂಡಿಗಿ 100 ಮೀಟರ್ ಓಡಿದ ಬೋಲ್ಟ್ ಹಳ್ಳಿ ಕಿರಾಣಿ ಅಂಗಡಿಯವರ ಮಗ. ನೀ ಮಾತ್ರ ಶೆಲ್ಲಿ ಆ್ಯನ್ ಫ್ರೇಸರ್‌ನ ನೆನಪಿಡು. ಕಿಂಗ್‌ಸ್ಟನ್‌ದ ವಾಟರ್‌ಹೌಸ್ ಅನ್ನೋ ಬಡವರ ಓಣಿದಾಕಿ, ಆಕಿ ಅವ್ವನೂ ನಿಮ್ಮವ್ವನಂಗೇ ಬೀದ್ಯಾಗ ಕುಂತು ಮಾರಿ ಮಕ್ಕಳನ ಸಾಕಿದಾಕಿ, ಹುಲ್ಲಿನ ಟ್ರ್ಯಾಕ್ ಮ್ಯಾಲ ಪ್ರ್ಯಾಕ್ಟೀಸ್ ಮಾಡಿ 2008ರಾಗ ಬೀಜಿಂಗ್ ಒಲಿಂಪಿಕ್ಸ್‌ದಾಗ 100 ಮೀಟರ್ ಚಿನ್ನ ಗೆದ್ಳು, ಮಗು ಹಡದ ಮ್ಯಾಲನೂ ವಿಶ್ವ ಚಾಂಪಿಯನ್ ಆದ್ಳು.

ನಾಳಿಂದ ಮುಂಜಾನಿ ಬಿಸಿಲು ಏರೋಕಿಂತ ಮೊದಲ ಹೋಗು. ಸಿಮೆಂಟ್ ರೋಡಿನ ಮ್ಯಾಲ ಬ್ಯಾಡ, ಮೊಣಕಾಲು ಹಿಡೀತದ, ಎರಿ ಹೊಲದಾಗೂ ಬ್ಯಾಡ, ಬಿರುಕಿನಾಗ ಕಾಲು ಹೊಳ್ಳತದ, ಸಾಲಿ ಗ್ರೌಂಡ್‌ದಾಗೇ ಓಡು. ಓಡಿದ್ದು ಟೈಮ್ ನೋಟ್‌ಬುಕ್‌ದಾಗ ಬರದಿಡು. ಅಮಾಸಿಗಿ ಬರ್ತೀನಿ, ಸ್ಟಾಪ್‌ವಾಚ್ ತರ್ತೀನಿ, ನಾನೇ ನಿಂತು ಹಿಡೀತೀನಿ.

ನಿನ್ನ ಮಾಮಾ