ರಾಜಕಾಲುವೆಯ ಗೆರೆ ಎಳೆಯುವ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಕಾಗದ ಬಂತು. ಉಳಿದದ್ದೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದ, ಬಿಡು. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, "ನಾನು ನಕ್ಷೆಯಲ್ಲಿ ರಾಜಕಾಲುವೆಗೆ ಎಳೆಯುವ ಗೆರೆ ಯಾರದೋ ಮನೆ ಮೇಲೆ ಹೋಗುತ್ತೆ ದೊಡ್ಡಪ್ಪ, ನಿದ್ದೆ ಬರಲ್ಲ" ಅಂತ. ಅದನ್ನು ಓದಿದ ಮೇಲೆ ನನಗೂ ನಿದ್ದೆ ಸರಿಯಾಗಿಲ್ಲ.

ಆ ಗೆರೆ ನೀನು ಹುಟ್ಟಿಸಿದ್ದಲ್ಲ. ಬೆಂಗಳೂರು ದಿಣ್ಣೆಯ ಮೇಲೆ ಕೂತ ಊರು. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಇಳಿಯಲೇಬೇಕು. ಒಂದು ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಮಳೆನೀರಿನ ಆ ದಾರಿಯೇ ರಾಜಕಾಲುವೆ. ಅದನ್ನು ನೀನು ಕಾಗದಕ್ಕೆ ಇಳಿಸುತ್ತಿದ್ದೀಯ, ಅಷ್ಟೆ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಇದು ನಮಗೆ ನಾವೇ ಹೇಳಿಕೊಳ್ಳುವ ಸಮಾಧಾನ, ಅಲ್ವಾ? ಆ ಮನೆಯವನಿಗೆ ಇದರಿಂದ ಏನು ಬಂತು? ಅವನು ಕ್ರಯಪತ್ರ ನೋಡಿ, ಖಾತೆ ನೋಡಿ, ಕೂಡಿಟ್ಟ ದುಡ್ಡೆಲ್ಲ ಸುರಿದು ಸೈಟು ತೆಗೆದುಕೊಂಡವನು. ಇಲ್ಲಿ ನೀರು ಹರಿಯುತ್ತಿತ್ತು ಅಂತ ಅವನಿಗೆ ಯಾರು ಹೇಳಿದ್ದರು?

ನಾನು ಟ್ರೇಸರ್ ಆಗಿ ಸೇರಿದಾಗ ಹಳೆಯ ಗ್ರಾಮ ನಕ್ಷೆಗಳನ್ನು ಬಟ್ಟೆಯ ಮೇಲೆ ಶಾಯಿಯಲ್ಲಿ ನಕಲು ಮಾಡುತ್ತಿದ್ದೆವು. ಅವುಗಳಲ್ಲಿ ಕೆರೆ, ಕೋಡಿ, ಹಳ್ಳ ಎಲ್ಲ ಇರುತ್ತಿದ್ದವು. ಆ ಹೊತ್ತಿಗಾಗಲೇ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿತ್ತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಮುಂದೆ ಕೋರಮಂಗಲದ ಕೆರೆಯಲ್ಲಿ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಅಂತ ದೊಡ್ಡ ವಸತಿ ಬಡಾವಣೆಯೇ ಎದ್ದಿತು. ಆ ಕೆರೆಗಳನ್ನು ಅಳಿಸಿದವರು ಯಾರೂ ನಿನ್ನ ಹಾಗೆ ನಿದ್ದೆಗೆಟ್ಟದ್ದನ್ನು ನಾನು ಕಾಣಲಿಲ್ಲ. ಅದಕ್ಕೇ ನಿನ್ನ ಭಯ ಹೋಗಲಿ ಅಂತ ಹಾರೈಸೋಕೆ ಮನಸ್ಸು ಬರುತ್ತಿಲ್ಲ.

ನಮ್ಮೂರ ನೀರುಗಂಟಿಯನ್ನು ನೀನು ನೋಡಿಲ್ಲ. ತೂಬು ಯಾವಾಗ ಎತ್ತಬೇಕು, ಕೋಡಿ ನೀರು ಯಾರ ಗದ್ದೆಗೆ ನುಗ್ಗುತ್ತೆ, ಎಲ್ಲ ಅವನ ನಾಲಿಗೆ ತುದಿಯಲ್ಲಿತ್ತು. ಒಂದು ದಿನ ಕೂತು ಬರೆದುಕೊಳ್ಳಬೇಕು ಅಂದುಕೊಳ್ಳುತ್ತಲೇ ಇದ್ದೆ. ಅವನು ಹೋದ. ಈಗ ಆ ಕೆರೆಯ ಬಗ್ಗೆ ಕೇಳಿದರೆ ಹೇಳುವವರಿಲ್ಲ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಎಲ್ಲಿಗೋ ಹೋದೆ. ನಿನ್ನ ಗೆರೆಗೆ ಬರುತ್ತೇನೆ.

ನನಗೆ ಸಿಟ್ಟು ಬರುವುದು ಗೆರೆಯ ಮೇಲಲ್ಲ, ಅದು ಅಲ್ಲಾಡುವುದರ ಮೇಲೆ. 2015ರವರೆಗಿನ ಬೆಳವಣಿಗೆಗೆ ಅಂತ 2007ರಲ್ಲಿ ಒಪ್ಪಿಗೆಯಾದ ಊರಿನ ಮಾಸ್ಟರ್ ಪ್ಲಾನ್ ಕೆರೆಗೆ 30 ಮೀಟರ್, ಕಾಲುವೆಗಳಿಗೆ ದರ್ಜೆ ನೋಡಿ 50, 25, 15 ಮೀಟರ್ ಜಾಗ ಏನೂ ಕಟ್ಟದೆ ಬಿಡಬೇಕು ಅಂದಿತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಅಂತ ಮಾಡಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2031ಕ್ಕೆ ಅಂತ 2017ರಲ್ಲಿ ಬಂದ ಹೊಸ ಮಾಸ್ಟರ್ ಪ್ಲಾನಿನ ಕರಡನ್ನು ಸರ್ಕಾರವೇ ವಾಪಸ್ ತೆಗೆದುಕೊಂಡಿತು. ನಡುವಿನ ಈ ವರ್ಷಗಳಲ್ಲಿ ಜನ ಮನೆ ಕಟ್ಟದೆ ಕಾಯುತ್ತಾರಾ? ನಕ್ಷೆ ತಡವಾದಷ್ಟೂ ಅದರ ಗೆರೆಗೆ ಸಿಕ್ಕುವ ಮನೆಗಳು ಜಾಸ್ತಿ. ಹಾಗಂತ ಎಳೆಯದೇ ಬಿಟ್ಟರೆ? 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಹೊರವರ್ತುಲ ರಸ್ತೆಯ ಕಡೆ ಕೋಟಿಗಟ್ಟಲೆ ಬಾಳುವ ವಿಲ್ಲಾಗಳಿಂದಲೂ ಜನರನ್ನು ಟ್ರ್ಯಾಕ್ಟರಿನಲ್ಲಿ ಕರೆತಂದರು. ಟಿವಿಯಲ್ಲಿ ನೀನೂ ನೋಡಿರಬೇಕು.

ಬುದ್ಧಿವಾದ ಹೇಳುವಷ್ಟು ನನಗೆ ನಿಮ್ಮ ಈಗಿನ ಕೆಲಸ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ನೀವು ಹೇಗೆ ಮಾಡುತ್ತೀರೋ. ಆದರೂ ಜೋರು ಮಳೆ ಬಂದಾಗ ಒಮ್ಮೆ ಆ ಜಾಗಕ್ಕೆ ಹೋಗು. ಗ್ರಾಮ ನಕ್ಷೆ ಜೊತೆಗಿರಲಿ. ಅಲ್ಲಿ ಹಸು ಸಾಕುವ ಮುದುಕರು ಯಾರಾದರೂ ಉಳಿದಿದ್ದರೆ ಮಾತಾಡಿಸು. ಟಿಪ್ಪಣಿ ಹಾಳೆಯಲ್ಲಿ ಮನೆಗಳ ವಿಷಯವನ್ನೂ ಬರೆ. ಇಷ್ಟು ಮನೆ ಹೋಗುತ್ತೆ, ಇವರಿಗೆ ಬೇರೆ ಜಾಗ ಕೊಡಬೇಕು ಅಂತ. ಮೇಲಿನವರು ಹೊಡೆದುಹಾಕಿದರೆ ಹಾಕಲಿ. ಬಡವರ ಶೀಟಿನ ಮನೆಗೆ ಬರುವ ಜೆಸಿಬಿ ಪಕ್ಕದ ಅಪಾರ್ಟ್‌ಮೆಂಟಿನ ಕಾಂಪೌಂಡಿಗೂ ಬರುತ್ತಾ ಅಂತ ಕೇಳು. ಕೇಳೋಕೆ ಧೈರ್ಯ ಬೇಕು, ಒಪ್ಪುತ್ತೇನೆ. ದೂರದಲ್ಲಿ ಕೂತು ಹೇಳುವುದು ಸುಲಭ.

ಒಂದು ಮಾತ್ರ ನೀನು ಬರೆದಿಲ್ಲ. ಅದು ಯಾವ ದರ್ಜೆಯ ಕಾಲುವೆ? ಅಳತೆ ಹಿಡಿದದ್ದು ಕಾಲುವೆಯ ನಡುವಿನಿಂದಲೋ, ಅಂಚಿನಿಂದಲೋ? ಇದರಲ್ಲೇ ಒಂದೆರಡು ಮನೆ ಉಳಿಯಬಹುದು. ನೋಡಿ ಬೇಗ ಬರೆ.

ನಿನ್ನ ದೊಡ್ಡಪ್ಪ