ವಿಜಯನಗರದ ಜೆರಾಕ್ಸ್ ಅಂಗಡಿ ಅಣ್ಣನಿಗೆ ಥ್ಯಾಂಕ್ಸ್

ಅಣ್ಣಾ, ಹೆಸರು ಹಾಕ್ಬೇಡಿ ಮೇಡಂ ಅಂದಿದ್ರಿ ಅದ್ಕೇ ಹಾಕ್ತಿಲ್ಲ, ಆದ್ರೆ ಹೇಳ್ದೇ ಇರೋಕೂ ಆಗ್ತಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ನಾನು ಬೆಂಗಳೂರಲ್ಲಿ, ನನ್ನ ಸ್ಟೂಡೆಂಟ್ಸ್ ಎಲ್ಲಾ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ. ಆನ್‌ಲೈನ್ ಕ್ಲಾಸ್ ಮಾಡಿ ಅಂತ ಹೇಳೋದು ಸುಲಭ, ಮನೇಲಿ ಇರೋ ಒಂದೇ ಫೋನ್ ಅಪ್ಪನ ಜೇಬಲ್ಲಿ ಹೊಲಕ್ಕೆ ಹೋಗಿರುತ್ತೆ, ಸಿಗ್ನಲ್ ಬೇಕಂದ್ರೆ ಮಾಳಿಗೆ ಹತ್ಬೇಕು, ಹಿಂಗಿರುವಾಗ ಒಂದು ಗಂಟೆ ವಿಡಿಯೋ ಯಾರು ನೋಡ್ತಾರೆ? ಲೈವ್ ಬಿಟ್ವಿ. ಪಾಠನ ಚಿಕ್ಕ ಆಡಿಯೋ ಮಾಡಿ ವಾಟ್ಸಾಪಲ್ಲಿ ಹಾಕಿದ್ವಿ, ರಾತ್ರಿ ಫೋನ್ ಕೈಗೆ ಸಿಕ್ದಾಗ ಕೇಳ್ಕೊಳ್ಳಲಿ ಅಂತ. ಹಳ್ಳಿ ಮಕ್ಕಳಿಗೆ ನಮ್ಮ ಪಾಠ ನಡೆದಿದ್ದೇ ಹಿಂಗೆ, ದೊಡ್ಡ ಸಾಫ್ಟ್‌ವೇರಿಂದಲ್ಲ.

ಫೋನೇ ಇಲ್ದಿರೋ ಮಕ್ಕಳದ್ದೇ ಚಿಂತೆ ಆಗಿತ್ತು. ಫೈನಲ್ ಇಯರ್ ಎಕ್ಸಾಮ್ ಸೆಪ್ಟೆಂಬರ್ ಕೊನೆ ಒಳಗೆ ಮುಗಿಸ್ಬೇಕು ಅಂತ ಜುಲೈನಲ್ಲಿ ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿ ಹೇಳ್ತು, ಇವರ ಹತ್ರ ನೋಟ್ಸೇ ಇಲ್ಲ. ನಿಮ್ಮ ಅಂಗಡಿಗೆ ಪೆನ್‌ಡ್ರೈವ್ ತಂದು ವಿಷಯ ಹೇಳ್ದೆ ಅಷ್ಟೇ. ನೀವು ಪೇಪರ್ ದುಡ್ಡು ಮಾತ್ರ ತಗೊಂಡು, ರಾತ್ರಿ ಕೂತು ಎಲ್ಲಾ ಪ್ರಿಂಟ್ ಹಾಕಿ, ಸಬ್ಜೆಕ್ಟ್ ಪ್ರಕಾರ ಪಿನ್ ಹೊಡ್ದು, ಒಂದೊಂದು ಊರಿಗೂ ಬೇರೆ ಕಟ್ಟು ಮಾಡಿ, ನೀವೇ ಮೆಜೆಸ್ಟಿಕ್‌ಗೆ ಹೋಗಿ ಬಸ್ಸಿಗೆ ಹಾಕಿ ಬಂದ್ರಿ. ಅಕ್ಷರ ದೊಡ್ಡದು ಮಾಡಿದೀನಿ ಮೇಡಂ, ಕರೆಂಟ್ ಹೋದ್ರೆ ದೀಪದಲ್ಲೂ ಓದ್ಬಹುದು ಅಂದ್ರಿ. ಅದು ನನಗೆ ಹೊಳ್ದೇ ಇರ್ಲಿಲ್ಲ.

ಆ ನೋಟ್ಸ್ ಓದಿ ಪಾಸಾದ ಹುಡುಗಿಯೊಬ್ಳು ಈಗ ಟೀಚರ್ ಆಗಿದಾಳೆ. ಅವಳ ಪರವಾಗಿ, ಎಲ್ಲಾ ಮಕ್ಕಳ ಪರವಾಗಿ, ತುಂಬಾ ತುಂಬಾ ಥ್ಯಾಂಕ್ಸ್ ಅಣ್ಣಾ.