ಟಿಕೆಟ್ ಕೌಂಟರಿನ ಆ ಅಕ್ಕನಿಗೆ

ನಿಮ್ಮ ಹೆಸರು ಕೇಳುವಷ್ಟೂ ಹೊತ್ತಿರಲಿಲ್ಲ ಅಕ್ಕ.

ಪರದೇಶ, ರಾತ್ರಿ, ಬಸ್ ನಿಲ್ದಾಣ. ಇಬ್ಬರು ಪೊಲೀಸರು ನನ್ನ ಪಾಸ್‌ಪೋರ್ಟ್ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ವೀಸಾ ಸರಿಯಿಲ್ಲ, ಇಲ್ಲೇ ದಂಡ ಕಟ್ಟು ಅಂದರು. ವೀಸಾ ಸರಿಯಾಗಿಯೇ ಇತ್ತು. ಆದರೂ ಹೆದರಿ ಪರ್ಸ್ ತೆಗೆದುಬಿಟ್ಟೆ.

ಆಗ ನೀವು ಕೌಂಟರಿನಿಂದ ಎದ್ದು ಬಂದಿರಿ. ನನ್ನ ಪರ್ಸಿನ ಮೇಲೆ ಮೆಲ್ಲಗೆ ಕೈಯಿಟ್ಟು, ಒಳಗಿಡು ಅಂತ ಕಣ್ಣಲ್ಲೇ ಹೇಳಿದಿರಿ. ಅವರ ಹತ್ತಿರ ದನಿ ಏರಿಸಲೇ ಇಲ್ಲ. ರಸೀದಿ ಕೊಡಿ, ಇಲ್ಲಾಂದ್ರೆ ಠಾಣೆಗೇ ಹೋಗೋಣ, ನಾನೂ ಬರ್ತೀನಿ ಅಂದಿರಂತೆ. ಆಮೇಲೆ ನೀವೇ ತಿಳಿಸಿದ್ದು. ನನ್ನ ಫೋನಿನಲ್ಲಿ ನಮ್ಮ ರಾಯಭಾರ ಕಚೇರಿಯ ನಂಬರ್ ಹುಡುಕಿಸಿ, ಅವರಿಗೆ ಕಾಣುವಂತೆ ಹಿಡಿಸಿದಿರಿ. ಬಂಧಿಸಿದರೆ ಅಲ್ಲಿಗೆ ತಿಳಿಸಿ ಎಂದು ಕೇಳುವ ಹಕ್ಕು ದೇಶ ದೇಶಗಳ ನಡುವಿನ 1963ರ ವಿಯೆನ್ನಾ ಒಪ್ಪಂದದಲ್ಲೇ ಇದೆ. ಆಗ ನನಗದು ಗೊತ್ತಿರಲಿಲ್ಲ.

ಪಾಸ್‌ಪೋರ್ಟ್ ವಾಪಸ್ ಬಂತು. ನನಗೆ ಕಾಲೇ ನಿಲ್ಲುತ್ತಿರಲಿಲ್ಲ. ನಿಮ್ಮ ಕುರ್ಚಿ ಕೊಟ್ಟು, ನೀರು ಕೊಟ್ಟು, ಇನ್ಮೇಲೆ ಮೊದಲು ಪಾಸ್‌ಪೋರ್ಟಿನ ಪ್ರತಿ ತೋರಿಸು ಅಂದಿರಿ. ಬಸ್ ಬರುವವರೆಗೂ ಪಕ್ಕದಲ್ಲೇ ನಿಂತಿದ್ದಿರಿ. ಕಿಟಕಿಯಿಂದ ಕೈ ಬೀಸಿದೆ. ನೀವು ಆಗಲೇ ಮುಂದಿನವರಿಗೆ ಟಿಕೆಟ್ ಹರಿಯುತ್ತಿದ್ದಿರಿ.